ಕಾಲೇಜಿನ ವಾರ್ತೆಯು ಮನೆಗೂ ಮುಟ್ಟಲಿ

ಕಾಲೇಜುಗಳಲ್ಲಿ ನಡೆಯಲಿರುವ ಶಿಬಿರ, ಕ್ರೀಡೋತ್ಸವ, ವಾರ್ಷಿಕೋತ್ಸವಗಳ ವಾರ್ತೆಯು ಸೂಚನಾ ಫಲಕದಲ್ಲಿಯೂ ವಿದ್ಯಾರ್ಥಿಗಳ ಮೊಬೈಲುಗಳಲ್ಲಿಯೂ ಉಳಿದುಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ತೆಲಿಗಿಯಂತಹ ಊರುಗಳಿಂದ ಹರಪನಹಳ್ಳಿಯ ಕಾಲೇಜಿಗೆ ಹೋಗಿಬರುವ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಅದು ತಿಳಿಯುವುದು ಎಷ್ಟೋ ಸಲ ಹಿಂದಿನ ರಾತ್ರಿ.

ರಾಷ್ಟ್ರೀಯ ಸೇವಾ ಯೋಜನೆಯನ್ನೇ ನೋಡಿರಿ. 1969ರಲ್ಲಿ ಆರಂಭವಾದ ಇದರಲ್ಲಿ ಸೇರಿದವರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸಿ, ಏಳು ದಿನಗಳ ಶಿಬಿರದಲ್ಲಿಯೂ ಇರತಕ್ಕದ್ದು. ಮಗಳು ಒಮ್ಮೆಲೇ ಬಂದು ‘ನಾಳೆ ಹೊರಡುತ್ತೇನೆ’ ಎಂದರೆ ಯಾವ ತಾಯಿ ಒಪ್ಪಿಯಾಳು? ಎಲ್ಲಿ ಮಲಗುವರು, ಯಾವ ಅಧ್ಯಾಪಿಕೆಯು ಜೊತೆಗಿರುವರು ಎಂಬುದನ್ನು ತಿಂಗಳ ಮೊದಲೇ ಕಾಗದ ಬರೆದು ತಿಳಿಸಿದ್ದಾದರೆ ‘ಬೇಡ’ವೆಂಬ ಮಾತು ಅನೇಕ ಮನೆಗಳಲ್ಲಿ ಹುಟ್ಟದು. ಆ ‘ಬೇಡ’ವು ಶಿಬಿರದೊಂದಿಗೆ ನಿಲ್ಲದೆ ಓದಿಗೂ ತಗಲುವುದುಂಟು.

ಶಕ್ತಿ ಯೋಜನೆಯು 2023ನೆಯ ಜೂನ್ 11ರಂದು ಆರಂಭವಾಗಿ, ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣದರವು ತಪ್ಪಿತು. ಸಂತೋಷವೇ, ಆದರೆ ಭಾಷಣಗಳು ಮುಗಿಯುವವರೆಗೆ (ನಮ್ಮವರ ಭಾಷಣಗಳು ಗಡಿಯಾರವನ್ನರಿಯವಷ್ಟೆ) ಸಂಜೆಯ ಬಸ್ಸು ಕಾಯುವುದಿಲ್ಲ. ಉತ್ಸವವನ್ನು ಬೆಳಗಿನಲ್ಲಿಯೇ ಇಟ್ಟುಕೊಳ್ಳಬಾರದೇಕೆ? ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕಾಲೇಜುಗಳಲ್ಲಿ ಅಧ್ಯಾಪಿಕೆಯರಾಗಿರುವವರು ಈ ಮಾತನ್ನು ತಮ್ಮ ಪ್ರಾಂಶುಪಾಲರ ಕಿವಿಗೆ ಹಾಕುವುದು ಲೇಸು.