ದುಬೈ ಸಂಬಳಕ್ಕಾಗಿ ಊರು ಬಿಡಬೇಕೆ?

ಐಟಿಐ ಮುಗಿಸಿ, ಮಂಗಳೂರಿನಲ್ಲೋ ಉಡುಪಿಯಲ್ಲೋ ಎರಡು ಮೂರು ವರ್ಷ ಎಸಿ ರಿಪೇರಿ ಮಾಡಿಕೊಂಡಿರುವ ಇಪ್ಪತ್ತೈದರ ಆಸುಪಾಸಿನ ಹುಡುಗ. ದುಬೈಯ ಕಂಪನಿಯೊಂದು ಅವನಿಗೆ ತಿಂಗಳಿಗೆ 2,200 ದಿರ್ಹಮ್ ಕೊಡುತ್ತೇನೆ, ವಸತಿಯೂ ನನ್ನದೇ ಎಂದಿದೆ. ಇಲ್ಲಿ ಅವನಿಗೆ ಸಿಗುತ್ತಿರುವುದು 20,000 ರೂಪಾಯಿ. ಈ ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು, ಪ್ರಶ್ನೆ ಮಾತ್ರ ಕರಾವಳಿಯ ಜಗಲಿಗಳಲ್ಲಿ ಮೂರು ತಲೆಮಾರಿನಿಂದ ನಡೆದುಬಂದದ್ದು. ಎಂಜಿನಿಯರುಗಳ ಅಮೆರಿಕ, ನರ್ಸುಗಳ ಜರ್ಮನಿ ಬೇರೆಯೇ ವಿಷಯ. ಇಲ್ಲಿ ಮಾತು ಗಲ್ಫಿನದು, ಕಸುಬು ಬಲ್ಲ ಕೆಲಸಗಾರರದು. ಹೋಗಬೇಕೆ, ಬೇಡವೆ?

ಪರ: ಕಾಗದಪತ್ರ ಸರಿಯಿದ್ದರೆ ಹೋಗಲಿ

ಸಂಬಳಕ್ಕೆ ಸಂಬಳ ಹೋಲಿಸಿ ಪ್ರಯೋಜನವಿಲ್ಲ, ತಿಂಗಳ ಕೊನೆಗೆ ಉಳಿಯುವುದನ್ನು ನೋಡಬೇಕು. ವಸತಿ ಕಂಪನಿಯದ್ದಾದರೆ ಮೆಸ್ಸಿಗೆ 450, ಫೋನು, ಸೋಪು, ಕ್ಷೌರ, ಬಸ್ಸು ಎಲ್ಲ ಸೇರಿ 250. ಕೈಯಲ್ಲಿ 1,500 ದಿರ್ಹಮ್ ಉಳಿಯುತ್ತದೆ. ದಿರ್ಹಮಿಗೆ 23 ರೂಪಾಯಿ ಹಿಡಿದರೆ ತಿಂಗಳಿಗೆ 34,500 ರೂಪಾಯಿ. ರಜೆಗೆ ಊರಿಗೆ ಬಂದಾಗಿನ ಖರ್ಚು, ಉಡುಗೊರೆ ಕಳೆದರೂ ವರ್ಷಕ್ಕೆ ಮೂರೂವರೆ ಲಕ್ಷ ಎಲ್ಲೂ ಹೋಗದು. ಇಲ್ಲಿ 20,000ದಲ್ಲಿ ಮನೆಗೆ ಕೊಟ್ಟು, ಬೈಕಿಗೆ ಪೆಟ್ರೋಲು ಹಾಕಿ ತಿಂಗಳಿಗೆ 5,000 ಉಳಿಸಿದರೆ ಅವನು ಗಟ್ಟಿಗ. ಐದು ವರ್ಷಕ್ಕೆ ಅಲ್ಲಿ ಹದಿನೇಳೂವರೆ ಲಕ್ಷ, ಇಲ್ಲಿ ಮೂರು.

ಈ ಎರಡು ಮೊತ್ತಗಳ ನಡುವೆ ಇರುವುದು ಬದುಕಿನ ದಾರಿಯನ್ನೇ ಬದಲಿಸುವ ಅಂತರ. ಮೂರು ಲಕ್ಷದಲ್ಲಿ ಅಪ್ಪನ ಸೊಸೈಟಿ ಸಾಲ ತೀರಬಹುದು, ಅಡವಿಟ್ಟ ಅಮ್ಮನ ಬಳೆ ಬಿಡಿಸಿಕೊಳ್ಳಬಹುದು. ಅಲ್ಲಿಗೆ ಮುಗಿಯಿತು, ಹುಡುಗ ಮತ್ತೆ ಬರಿಗೈ. ಹದಿನೇಳು ಲಕ್ಷವಿದ್ದರೆ ಸಾಲ ತೀರಿದ ಮೇಲೂ ಒಂದು ವ್ಯಾನು, ಉಪಕರಣ, ಅಂಗಡಿಯ ಅಡ್ವಾನ್ಸು ಆಗುತ್ತದೆ. ಆಸ್ತಿಯಿಲ್ಲದ ಮನೆಯ ಮಗನಿಗೆ ಬಂಡವಾಳ ಯಾರು ಕೊಡುತ್ತಾರೆ? ಬ್ಯಾಂಕು ಜಾಮೀನು ಕೇಳುತ್ತದೆ, ನೆಂಟರು ಮುಖ ತಿರುಗಿಸುತ್ತಾರೆ. ತೋಟ, ಗದ್ದೆ, ಅಂಗಡಿ ಪಿತ್ರಾರ್ಜಿತವಾಗಿ ಇಲ್ಲದವರು ತಾವೇ ದುಡಿದು ಬಂಡವಾಳ ಮಾಡಿಕೊಳ್ಳಲು ಕರಾವಳಿಯಲ್ಲಿ ಗಲ್ಫಿನಷ್ಟು ನೇರವಾದ ದಾರಿ ಇನ್ನೊಂದಿಲ್ಲ. ಒಂದು ಕಾಲದಲ್ಲಿ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆದವರೂ ಇದನ್ನೇ ಮಾಡಿದರು.

ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. 2018ರಿಂದ ಶೇ. 5ರ ವ್ಯಾಟ್ ಇದೆ, ಅದು ಕೊಳ್ಳುವ ಸಾಮಾನಿಗೆ. ದಿರ್ಹಮನ್ನು 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ್ದಾರೆ. ಹಾಗಾಗಿ ಡಾಲರಿನ ಎದುರು ರೂಪಾಯಿ ಜಾರಿದಷ್ಟೂ ಅಲ್ಲಿ ದುಡಿಯುವವನ ಗಳಿಕೆ ಊರಿನ ಲೆಕ್ಕದಲ್ಲಿ ಏರುತ್ತದೆ. 2000ನೇ ಇಸವಿಯಲ್ಲಿ ಒಂದು ದಿರ್ಹಮಿಗೆ ಸುಮಾರು 12 ರೂಪಾಯಿ ಸಿಗುತ್ತಿತ್ತು, ಈಗ ಅದರ ಎರಡು ಪಟ್ಟಿನ ಹತ್ತಿರ ಬಂದಿದೆ. ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯಲ್ಲಿಟ್ಟ ಠೇವಣಿಯ ಬಡ್ಡಿಗೆ ಇಲ್ಲಿಯೂ ತೆರಿಗೆಯಿಲ್ಲ.

ಊರು ಬಿಡಬೇಕಾಗುತ್ತದೆ ಎಂಬ ಮಾತಿಗೆ ನನ್ನದೊಂದು ಪ್ರಶ್ನೆ: ಊರಲ್ಲಿ ಉಳಿದವರು ಎಷ್ಟು ಮಂದಿ? ದುಬೈಗೆ ಹೋಗದವನು ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಪಿಜಿಯ ಬಾಡಿಗೆ ಸಂಬಳದ ಮೂರನೇ ಒಂದು ಪಾಲು ನುಂಗುತ್ತದೆ. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಲು ಬಸ್ಸಿಗೆ ರಾತ್ರಿಯಿಡೀ ಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ದುಬೈಯಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ವಿಮಾನದಲ್ಲಿ ಮೂರೂವರೆ ಗಂಟೆ. ಹೇಗೂ ಮನೆಯಿಂದ ದೂರ ಇರಲೇಬೇಕಾದರೆ ಉಳಿತಾಯವಾಗುವ ದೂರವನ್ನೇ ಆರಿಸಿಕೊಳ್ಳಲಿ.

ಮೋಸ ನಡೆಯುತ್ತದೆ, ಅದನ್ನು ಯಾರೂ ಅಲ್ಲಗಳೆಯರು. ಆದರೆ ಕಾನೂನು ಮೂವತ್ತು ವರ್ಷದ ಹಿಂದಿನಂತಿಲ್ಲ. ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವ್ಯವಸ್ಥೆಯನ್ನು ಯುಎಇ 2009ರಲ್ಲಿ ತಂದಿತು. 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನಿನಂತೆ ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ದುಡಿಸುವಂತಿಲ್ಲ. 2023ರಿಂದ ಕೆಲಸ ಹೋದರೆ ಮೂರು ತಿಂಗಳು ಮೂಲ ವೇತನದ ಶೇ. 60 ಕೊಡುವ ವಿಮೆ ಇದೆ, ನಮ್ಮ ಹುಡುಗನಂಥವನಿಗೆ ಕಂತು ತಿಂಗಳಿಗೆ 5 ದಿರ್ಹಮ್. ನಮ್ಮ ಸರಕಾರದ ಕಡೆಯಿಂದ ಇ-ಮೈಗ್ರೇಟ್ ಎಂಬ ನೋಂದಣಿ ಜಾಲತಾಣ ಇದೆ. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಜಿಎಸ್‌ಟಿ. ಹತ್ತನೇ ತರಗತಿ ದಾಟದವರ ಇಸಿಆರ್ (ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಒಂದೂವರೆ ಲಕ್ಷ ಕೊಡು ಎಂದವನಿಗೆ, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸೋಣ ಎಂದವನಿಗೆ ಬಾಗಿಲು ತೋರಿಸಿದರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು.

ಸಾಲ ಮಾಡದೆ ಹೋಗುವುದು, ಐದಾರು ವರ್ಷಕ್ಕೆ ಗಡಿ ಹಾಕಿಕೊಳ್ಳುವುದು. ಈ ಎರಡಕ್ಕೆ ಒಪ್ಪುವ ಹುಡುಗ ನನ್ನ ತಮ್ಮನಾಗಿದ್ದರೂ ಹೋಗಿ ಬಾ ಎಂದೇ ಹೇಳುತ್ತೇನೆ.

ವಿರೋಧ: ಲೆಕ್ಕ ಇನ್ನೂ ಮುಗಿದಿಲ್ಲ

ಮೇಲಿನ ಕೂಡುವಿಕೆ, ಕಳೆಯುವಿಕೆಯಲ್ಲಿ ತಪ್ಪಿಲ್ಲ. ಅದು ಬೇಗ ನಿಂತುಬಿಟ್ಟಿದೆ ಎಂಬುದೇ ನನ್ನ ತಕರಾರು.

ಆಫರ್ ಲೆಟರಿನಲ್ಲಿ 2,200 ಎಂದಿರುತ್ತದೆ, ಅದರೊಳಗೆ ಮೂಲ ವೇತನ 1,300 ಇದ್ದೀತು, ಮಿಕ್ಕದ್ದು ಅಲೋವೆನ್ಸು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲ ವೇತನದ ಮೇಲೆಯೇ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ. 1,300ಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 910 ದಿರ್ಹಮ್, ಐದು ವರ್ಷಕ್ಕೆ 4,550. ರೂಪಾಯಿಯಲ್ಲಿ ಒಂದು ಲಕ್ಷ ಚಿಲ್ಲರೆ. ಇಲ್ಲಿ 15,000 ಮೂಲ ವೇತನವಿದ್ದರೆ ಅವನ ಪಾಲು, ಮಾಲೀಕರ ಪಾಲು ಸೇರಿ ಭವಿಷ್ಯನಿಧಿಗೆ (ಪಿಎಫ್), ಪಿಂಚಣಿಗೆ ತಿಂಗಳಿಗೆ 3,600 ರೂಪಾಯಿ ಜಮೆಯಾಗುತ್ತಾ ಹೋಗುತ್ತದೆ. ಐದು ವರ್ಷಕ್ಕೆ ಬಡ್ಡಿ ಬಿಟ್ಟು 2,16,000. ಗ್ರಾಚ್ಯುಟಿ ಬೇರೆ. ಸಂಬಳ 21,000 ದಾಟದವರಿಗೆ ಇಎಸ್‌ಐ ಇದೆ, ಅವಲಂಬಿತರಾದ ಅಪ್ಪ ಅಮ್ಮನಿಗೂ ಅದರಲ್ಲಿ ಚಿಕಿತ್ಸೆ. ಮಗ ವಿಮಾನ ಹತ್ತಿದ ಮೇಲೆ ಆ ರಕ್ಷಣೆ ಉಳಿಯುವುದಿಲ್ಲ. ಅಪ್ಪನಿಗೆ ಒಮ್ಮೆ ಸ್ಟೆಂಟ್ ಹಾಕಿಸಬೇಕಾಗಿ ಬಂದರೆ ಒಂದು ವರ್ಷದ ಉಳಿತಾಯದ ದೊಡ್ಡ ಪಾಲು ಒಂದೇ ವಾರದಲ್ಲಿ ಕರಗುತ್ತದೆ.

ಇಷ್ಟಾದರೂ ದುಬೈಯ ತಕ್ಕಡಿಯೇ ತೂಗುತ್ತದೆ, ಒಪ್ಪುತ್ತೇನೆ. ಆದರೆ ಆ ಹದಿನೇಳು ಲಕ್ಷ ವ್ಯಾನಿಗೂ ಅಂಗಡಿಗೂ ಹೋದದ್ದನ್ನು ನಾನು ಕಂಡದ್ದು ಅಪರೂಪ. ಅದು ಮನೆಗೆ ಹೋಗುತ್ತದೆ. ಹಂಚಿನ ಮನೆ ಕೆಡವಿ ತಾರಸಿ ಹಾಕಿಸುತ್ತಾರೆ, ಕೆಂಪುಕಲ್ಲಿನ ಕಂಪೌಂಡು, ಅಂಗಳಕ್ಕೆ ಇಂಟರ್‌ಲಾಕ್. ತಂಗಿಯ ಮದುವೆಗೆ ಗಂಡಿನ ಕಡೆಯವರು ಅಣ್ಣ ಗಲ್ಫಿನಲ್ಲಿದ್ದಾನೆಂದು ಕೇಳಿಕೊಂಡೇ ಬಂದಿರುತ್ತಾರೆ. ಮದುವೆ ಹಾಲಿಗೆ ಇಂತಿಷ್ಟು, ಚಿನ್ನಕ್ಕೆ ಇಂತಿಷ್ಟು ಎಂಬ ಅಂದಾಜು ಆಗಲೇ ಬೆಳೆದಿರುತ್ತದೆ. ಊರಿನ ಜಾತ್ರೆ, ಉರೂಸು, ಇಗರ್ಜಿಯ ಹಬ್ಬ, ದೈವಸ್ಥಾನದ ಜೀರ್ಣೋದ್ಧಾರ, ಎಲ್ಲ ರಶೀದಿ ಪುಸ್ತಕಗಳೂ ಮೊದಲು ಅವನ ಮನೆಗೇ ಬರುತ್ತವೆ. ಇಲ್ಲ ಎನ್ನಲು ಅವನಿಗೆ ಮನಸ್ಸಾಗುವುದಿಲ್ಲ, ಎಂದರೂ ಯಾರೂ ನಂಬುವುದಿಲ್ಲ. ಐದು ವರ್ಷದ ಕೊನೆಗೆ ಮನೆ ಎದ್ದಿರುತ್ತದೆ, ಅದರ ಮೇಲೆ ಸಾಲವೂ ನಿಂತಿರುತ್ತದೆ, ಅವನು ಮತ್ತೆ ವೀಸಾ ನವೀಕರಿಸುತ್ತಾನೆ. ಐದು ಹತ್ತಾಗುತ್ತದೆ, ಹತ್ತು ಇಪ್ಪತ್ತಾಗುತ್ತದೆ. ಗಡಿ ಹಾಕಿಕೊಳ್ಳಲಿ ಎನ್ನುವುದು ಸುಲಭ. ಆ ಗಡಿ ಅವನೊಬ್ಬನ ಕೈಯಲ್ಲಿ ಇರುವುದಿಲ್ಲ.

ಅಷ್ಟರಲ್ಲಿ ಅವನಿಗೂ ಮದುವೆಯಾಗುತ್ತದೆ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು 4,000 ದಿರ್ಹಮ್ ಸಂಬಳ ಬೇಕು, ಅಥವಾ ವಸತಿಯೊಂದಿಗೆ 3,000. ನಮ್ಮ ಹುಡುಗನದು 2,200. ಸೌದಿಯಲ್ಲಾದರೆ 2017ರಿಂದ ಅವಲಂಬಿತರ ಮೇಲೆ ಶುಲ್ಕ ಬಂತು. ಅದು ಈಗ ತಲೆಗೆ ತಿಂಗಳಿಗೆ 400 ರಿಯಾಲ್, ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ 1,200. ಹಾಗಾಗಿ ಸಂಸಾರ ನಡೆಯುವುದು ಫೋನಿನ ಬೋಟಿಮ್ ಆ್ಯಪಿನ ವಿಡಿಯೋ ಕರೆಯಲ್ಲಿ. ಮಗು ಅಪ್ಪನನ್ನು ಫೋನಿನೊಳಗೆ ಗುರುತಿಸುತ್ತದೆ, ಅಂಗಳಕ್ಕೆ ಬಂದು ನಿಂತರೆ ಅಮ್ಮನ ಹಿಂದೆ ಅಡಗುತ್ತದೆ. ಮೂರೂವರೆ ಗಂಟೆಯ ವಿಮಾನ ನಿಜ. ಆದರೆ ದೂರ ನಿರ್ಧಾರವಾಗುವುದು ರಜೆಯಿಂದ. ವರ್ಷಕ್ಕೆ ಮೂವತ್ತು ದಿನ, ಅದನ್ನೂ ಸೂಪರ್‌ವೈಸರ್ ಒಪ್ಪಿದಾಗ, ಶಾಲೆಗೆ ರಜೆ ಬಂದು ಟಿಕೆಟ್ ದರ ಏರಿದಾಗ. ಬೆಂಗಳೂರಿನಲ್ಲಿರುವ ಮಗ ತಾಯಿಯ ಜ್ವರ ಕೇಳಿ ಶನಿವಾರ ರಾತ್ರಿ ಬಸ್ಸು ಹತ್ತುತ್ತಾನೆ.

ವೀಸಾ ಕೆಲಸಕ್ಕೆ ಕಟ್ಟಿದ್ದು, ಕೆಲಸ ಕಂಪನಿಯ ಪ್ರಾಜೆಕ್ಟಿಗೆ ಕಟ್ಟಿದ್ದು. ಎಷ್ಟು ವರ್ಷ ದುಡಿದರೂ ಕೂಲಿಯವನಿಗೆ ಅಲ್ಲಿ ಪೌರತ್ವವಿಲ್ಲ, ಪಿಂಚಣಿಯಿಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ಅಮ್ಮಾನ್ ದಾರಿಯಾಗಿ ಏರ್ ಇಂಡಿಯಾ ವಿಮಾನಗಳಲ್ಲಿ ಮರಳಿದರು. ಬ್ಯಾಂಕಿನಲ್ಲಿಟ್ಟದ್ದನ್ನು ಅಲ್ಲೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದವರು ಅವರಲ್ಲಿ ಅನೇಕರು. ವಿಶ್ವಸಂಸ್ಥೆಯ ಪರಿಹಾರಕ್ಕೆ ವರ್ಷಗಳೇ ಕಾಯಬೇಕಾಯಿತು. 2020ರಲ್ಲಿ ಕೊರೊನಾ ಬಂದಾಗ ಕೆಲಸ ಕಳೆದುಕೊಂಡವರು ವಂದೇ ಭಾರತ್ ವಿಮಾನದ ಸೀಟಿಗಾಗಿ ರೂಮಿನಲ್ಲಿ ದಿನ ಎಣಿಸಿದರು.

ಇವೆಲ್ಲಕ್ಕಿಂತ ದೊಡ್ಡ ನಷ್ಟವೊಂದಿದೆ, ಅದು ಯಾವ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ. ಇಪ್ಪತ್ತೈದರಿಂದ ಮೂವತ್ತೈದರವರೆಗಿನ ಹತ್ತು ವರ್ಷದಲ್ಲಿ ಕಸುಬಿನವನಿಗೆ ಊರಿನಲ್ಲಿ ಹೆಸರು ಬೆಳೆಯುತ್ತದೆ. ಎಸಿ ಕೆಟ್ಟರೆ ಇವನನ್ನೇ ಕರೆಯಿರಿ ಎಂದು ಒಂದು ಮನೆಯವರು ಇನ್ನೊಂದು ಮನೆಯವರಿಗೆ ನಂಬರು ಕೊಡುತ್ತಾರೆ. ಬಿಡಿಭಾಗದ ಅಂಗಡಿಯವರು ತಿಂಗಳ ಸಾಲಕ್ಕೆ ಸಾಮಾನು ಬಿಡುತ್ತಾರೆ. ಹೊಸ ಫ್ಲ್ಯಾಟು ಕಟ್ಟಿಸುವ ಕಂಟ್ರಾಕ್ಟರಿಗೆ ಮುಖಪರಿಚಯವಾಗುತ್ತದೆ. ಈ ಹತ್ತು ವರ್ಷವನ್ನು ದುಬೈಯ ಸೋನಾಪುರದ ಲೇಬರ್ ಕ್ಯಾಂಪಿಗೆ ಕೊಟ್ಟು ನಲವತ್ತರ ಹೊತ್ತಿಗೆ ಬಂದವನ ಕೈಯಲ್ಲಿ ಹಣವಿರುತ್ತದೆ, ಗಿರಾಕಿ ಇರುವುದಿಲ್ಲ. ಅಂಗಡಿ ತೆರೆದು ಬೋರ್ಡು ಹಾಕುತ್ತಾನೆ. ಪಕ್ಕದ ಬೀದಿಯಲ್ಲಿ ಅವನ ಜೊತೆಗೇ ಐಟಿಐ ಕಲಿತು ಊರಲ್ಲೇ ಉಳಿದವನಿಗೆ ನಾಲ್ಕು ಮಂದಿ ಆಳುಗಳಿರುತ್ತಾರೆ, ಬೇಸಿಗೆಯಲ್ಲಿ ಫೋನು ಎತ್ತಲು ಪುರುಸೊತ್ತಿರುವುದಿಲ್ಲ. ಗಿರಾಕಿಯಿಲ್ಲದ ಅಂಗಡಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಳಿತಾಯವನ್ನು ತಿನ್ನುತ್ತದೆ. ಆಗ ಅವನು ಮತ್ತೆ ಏಜೆಂಟನ ಮೆಟ್ಟಿಲು ಹತ್ತುತ್ತಾನೆ, ಈ ಸಲ ವಯಸ್ಸು ಕೇಳುತ್ತಾರೆ.

ಪರ, ಇನ್ನೊಮ್ಮೆ

ಗಿರಾಕಿಯ ಮಾತು ನನ್ನನ್ನು ತಟ್ಟಿತು. ಆದರೆ 20,000 ಸಂಬಳಕ್ಕೆ ದುಡಿಯುವವನ ಗಿರಾಕಿಗಳು ಅವನವರಲ್ಲ, ಡೀಲರನವರು. ಮನೆಯವರು ಫೋನು ಮಾಡುವುದು ಷೋರೂಮಿಗೆ. ಊರಲ್ಲಿ ಉಳಿದು ನಾಲ್ಕು ಆಳು ಇಟ್ಟುಕೊಂಡ ಆ ಗೆಳೆಯನಿಗೆ ಮೊದಲ ವ್ಯಾನು, ಮೊದಲ ಗ್ಯಾಸ್ ಸಿಲಿಂಡರು ಕೊಡಿಸಿದವರು ಯಾರೆಂದು ವಿಚಾರಿಸಿದರೆ ತೋಟದ ಅಡಿಕೆಯೋ ಮಾವನ ಹಣವೋ ಸಿಗುತ್ತದೆ. ಅದಿಲ್ಲದವನನ್ನು ಕುರಿತೇ ನಾನು ಮಾತಾಡಿದ್ದು. ಮನೆ ಕಟ್ಟಿಸುವುದನ್ನು ಮುಂದೂಡಬೇಕು, ಮೂಲ ವೇತನ ಎಷ್ಟೆಂದು ಸಹಿ ಹಾಕುವ ಮೊದಲೇ ಕೇಳಬೇಕು ಎಂಬುದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಮೂವತ್ತಕ್ಕೆ ಹಿಂದಿರುಗಿದವನಿಗೆ ಗಿರಾಕಿಗಳನ್ನು ಕಟ್ಟಿಕೊಳ್ಳಲು ಇನ್ನೂ ವಯಸ್ಸಿರುತ್ತದೆ.

ವಿರೋಧ, ಇನ್ನೊಮ್ಮೆ

ಮೂವತ್ತಕ್ಕೆ ಹಿಂದಿರುಗುವುದಾದರೆ ನನ್ನ ವಿರೋಧ ಬಹಳಷ್ಟು ಇಳಿಯುತ್ತದೆ. ಹಾಗಿದ್ದರೆ ಹೊರಡುವ ಮೊದಲೇ ಹಿಂದಿರುಗುವ ಬಾಗಿಲನ್ನು ತೆರೆದಿಟ್ಟು ಹೋಗಲಿ. ಆದರೆ ಹೊರಡುವ ಹುಡುಗರು ಮಾಡುವ ಮೊದಲ ಕೆಲಸವೇ ಪಿಎಫ್ ತೆಗೆದು ಏಜೆಂಟನಿಗೂ ಟಿಕೆಟ್ಟಿಗೂ ಕೊಡುವುದು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಮೂರು ವರ್ಷಕ್ಕೇ ಪಿಂಚಣಿ ಪಾಲಿನ ಹಣ ಹಿಂತೆಗೆದರೆ ಆ ಮೂರು ವರ್ಷ ಅಳಿಸಿಹೋಗುತ್ತದೆ, ಬಂದ ಮೇಲೆ ಮತ್ತೆ ಸೊನ್ನೆಯಿಂದ ಎಣಿಕೆ. ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡರೆ ಆ ಸೇವೆ ಹಾಗೇ ಉಳಿದು ಮುಂದಿನ ಕೆಲಸಕ್ಕೆ ಸೇರುತ್ತದೆ. ಫಾರ್ಮ್ ಒಂದೇ, 10ಸಿ. ಎರಡರಲ್ಲಿ ಯಾವುದಕ್ಕೆ ಗುರುತು ಹಾಕಬೇಕೆಂದು ಹೊರಡುವವನಿಗೆ ಯಾರಾದರೂ ಕೂತು ತಿಳಿಸಿ ಹೇಳಬೇಕು.