ಡೇರಿ ದಾರಿಯ ಬೈಕ್ ದೀಪ: ಬಲ್ಬ್ ಬದಲಿಸುವ ಮುನ್ನ

ಹಾಲು ಉತ್ಪಾದಕ ಅಕ್ಕ-ತಂಗಿಯರೇ, ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ ಎಂದು ಬರೆಯಬೇಕಾದ ಡಾಕ್ಟರು ಬೈಕಿನ ಹೆಡ್‌ಲೈಟ್ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ನೀವು ಕೇಳಬಹುದು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನಮಗೆ ಬರುವ ತುರ್ತು ಕರೆಗಳಲ್ಲಿ ರಸ್ತೆಯಲ್ಲಿ ಪೆಟ್ಟು ತಿಂದ ಹಸು, ಎಮ್ಮೆಗಳೂ ಇರುತ್ತವೆ. ಕರುವಿನ ಕಾಲು ಮುರಿದರೆ ಪಟ್ಟಿ ಹಾಕಿ ಕೂಡಿಸಬಹುದು. 400-500 ಕಿಲೋ ತೂಗುವ ಹಸುವಿನ ಹಿಂಗಾಲಿನ ದೊಡ್ಡ ಮೂಳೆ ಮುರಿದರೆ ಹೆಚ್ಚಿನ ಸಲ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆ ನಡೆಸುವ ಹಸು ಹಾಗೆ ಹೋಗುತ್ತದೆ.

ಈಗ ಹಳ್ಳಿ ಹಳ್ಳಿಯ ಬೈಕುಗಳಲ್ಲಿ ಬಿಳಿ ಎಲ್‌ಇಡಿ ಬಲ್ಬಿನ ಹುಚ್ಚು. ಹಳದಿ ಬೆಳಕು ಸಾಲದು ಎಂದು ಮಗನೋ ಮೈದುನನೋ ಅಂಗಡಿಯಲ್ಲಿ ಕೆಲವು ನೂರು ರೂಪಾಯಿ ಕೊಟ್ಟು ಹಾಕಿಸಿಕೊಂಡು ಬರುತ್ತಾರೆ. ಬೆಳಕು ಬೇಕು ಎಂಬುದು ತಪ್ಪಲ್ಲ. ಬೀದಿದೀಪ ಇಲ್ಲದ ದಾರಿಯಲ್ಲಿ ಕ್ಯಾನ್ ಕಟ್ಟಿಕೊಂಡು ಹೋಗುವವರ ಕಷ್ಟ ಅವರಿಗೇ ಗೊತ್ತು. ಆದರೆ ಆ ಬಲ್ಬ್ ಓಡಿಸುವವರಿಗೆ ಕೊಡುವುದಕ್ಕಿಂತ ಹೆಚ್ಚಿನದನ್ನು ಎದುರಿನವರಿಂದ ಕಿತ್ತುಕೊಳ್ಳುತ್ತದೆ.

ಹ್ಯಾಲೊಜೆನ್ ಬಲ್ಬಿನೊಳಗೆ ಬೆಳಗುವುದು ಒಂದು ಸಣ್ಣ ತಂತಿ. ಹಿಂದಿನ ಹೊಳೆಯುವ ಬಟ್ಟಲನ್ನು, ಅಂದರೆ ರಿಫ್ಲೆಕ್ಟರನ್ನು, ಆ ತಂತಿ ಇರುವ ಜಾಗಕ್ಕೇ ಲೆಕ್ಕ ಹಾಕಿ ಮಾಡಿರುತ್ತಾರೆ. ಅಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬೇರೆಯಾಗುತ್ತದೆ. ಡಿಮ್ ಮಾಡಿದರೂ ಅದು ಮೇಲಕ್ಕೆ, ಪಕ್ಕಕ್ಕೆ ಚೆದರಿ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಕಂಪನಿಯಿಂದಲೇ ಎಲ್‌ಇಡಿ ದೀಪ ಬಂದ ಹೊಸ ಬೈಕುಗಳ ಮಾತು ಬೇರೆ; ಅವುಗಳ ರಿಫ್ಲೆಕ್ಟರೂ ಅದಕ್ಕೆ ತಕ್ಕಂತೆ ಇರುತ್ತದೆ.

ಇನ್ನು ದನದ ಕಣ್ಣು. ಕತ್ತಲಲ್ಲಿ ಹಸುವಿನ ಕಣ್ಣು ಹಸಿರು-ನೀಲಿಯಾಗಿ ಹೊಳೆಯುವುದನ್ನು ನೀವು ದಿನವೂ ನೋಡುತ್ತೀರಿ. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಮಂದ ಬೆಳಕನ್ನು ಎರಡು ಸಲ ಬಳಸಿಕೊಳ್ಳಲು ಪ್ರಕೃತಿ ಕೊಟ್ಟದ್ದು. ಕತ್ತಲಿಗೆ ಹೊಂದಿಕೊಂಡ ಆ ಕಣ್ಣಿಗೆ ಫಳಕ್ಕನೆ ಬೆಳಕು ಬಿದ್ದರೆ ಹಸು ಇದ್ದಲ್ಲೇ ನಿಲ್ಲುತ್ತದೆ, ಇಲ್ಲವೇ ಬೆದರಿ ಹಗ್ಗ ಕಿತ್ತುಕೊಂಡು ಅಡ್ಡ ಓಡುತ್ತದೆ. ಹಗ್ಗ ಹಿಡಿದಿರುವವರು ಬಹಳ ಸಲ ನೀವೇ. ನಿಮಗೂ ಆ ಗಳಿಗೆಯಲ್ಲಿ ಏನೂ ಕಾಣುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ ನೀವು ನಿಂತಾಗ ನಿಮ್ಮ ಕಣ್ಣಿನ ಮಟ್ಟ. ತಯಾರಕರು ನಿಗದಿ ಮಾಡಿದ್ದಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 182ಎ ಕಲಂ ಪ್ರಕಾರ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. 'ಮಾಲೀಕರಿಗೆ' ಎಂಬ ಮಾತು ಗಮನಿಸಿ. ಆರ್‌ಸಿ ನಿಮ್ಮ ಹೆಸರಿನಲ್ಲಿದ್ದರೆ ಬಲ್ಬ್ ಹಾಕಿಸಿದವರು ಯಾರೇ ಆಗಿರಲಿ, ಉತ್ತರ ಕೊಡಬೇಕಾದವರು ನೀವು. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ರಾಜ್ಯದುದ್ದಕ್ಕೂ ಕೇಸು ಹಾಕಿದ್ದು ನೆನಪಿರಬಹುದು.

ಹಾಗಾದರೆ ಮಂದ ದೀಪದಲ್ಲೇ ಸಾಯಬೇಕೇ? ಬೇಡ. ನಿಯಮದೊಳಗೇ ಬೆಳಕು ಹೆಚ್ಚಿಸಿಕೊಳ್ಳುವ ದಾರಿ ಇದೆ, ಖರ್ಚೂ ಕಡಿಮೆ. ಹಳೆಯ ಬೈಕಿನ ದೀಪ ಮಂಕಾಗಿರುವುದು ಹೆಚ್ಚಾಗಿ ಬಲ್ಬ್ ಚಿಕ್ಕದೆಂದಲ್ಲ. ಗಾಜಿನೊಳಗೆ ಧೂಳು, ತುಕ್ಕು ಹತ್ತಿದ ರಿಫ್ಲೆಕ್ಟರ್, ಕಿಲುಬು ಹಿಡಿದ ವೈರಿನ ತುದಿ, ಸರಿಯಿಲ್ಲದ ಅರ್ಥ್: ಇವೇ ಕಾರಣ. ಹ್ಯಾಲೊಜೆನ್ ಬಲ್ಬಿಗೆ ತಲುಪುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ವೈರ್ ಉಜ್ಜಿ ಕಟ್ಟಿಸಿ, ರಿಫ್ಲೆಕ್ಟರ್ ಹಾಳಾಗಿದ್ದರೆ ಅದೇ ಮಾದರಿಯ ಹೊಸ ಹೆಡ್‌ಲೈಟ್ ಹಾಕಿಸಿ, ಅದೇ ವ್ಯಾಟಿನ ಒಳ್ಳೆಯ ಕಂಪನಿಯ ಬಲ್ಬ್ ಹಾಕಿಸಿ. ಹೆಚ್ಚಿನ 100-125 ಸಿಸಿ ಬೈಕುಗಳಲ್ಲಿ ಅದು 35/35 ವ್ಯಾಟ್. ಅದರ ಜಾಗಕ್ಕೆ 100/90 ಹಾಕಿದರೆ ಹೋಲ್ಡರ್ ಕರಗುತ್ತದೆ, ವೈರ್ ಸುಡುತ್ತದೆ.

ಹಾಲಿನವರಿಗೇ ಇರುವ ಇನ್ನೊಂದು ತೊಂದರೆ ಇದೆ, ಮೆಕ್ಯಾನಿಕ್ ಕೂಡ ಇದನ್ನು ಯೋಚಿಸುವುದಿಲ್ಲ. 40 ಲೀಟರಿನ ತುಂಬಿದ ಕ್ಯಾನ್ ಹಿಂದೆ ಕಟ್ಟಿದರೆ ಬೈಕಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಬರೀ ಒಂದು ಡಿಗ್ರಿ ಎದ್ದರೂ 30 ಮೀಟರ್ ಆಚೆ ಬೆಳಕು ಅರ್ಧ ಮೀಟರ್ ಮೇಲೇರುತ್ತದೆ. ರಸ್ತೆಯ ಗುಂಡಿ ಕಾಣುವುದಿಲ್ಲ, ಮರದ ಕೊಂಬೆ ಚೆನ್ನಾಗಿ ಕಾಣುತ್ತದೆ! ಆಗ ಬಲ್ಬ್ ಸಾಲದು ಅನ್ನಿಸುವುದು ಸಹಜ. ಆದ್ದರಿಂದ ದಿನ ಹೊರುವಷ್ಟೇ ಭಾರ ಕಟ್ಟಿ, ಒಬ್ಬರು ಮೇಲೆ ಕೂತು, ಸಮ ನೆಲದಲ್ಲಿ ಗೋಡೆಯಿಂದ 8 ಮೀಟರ್ ದೂರ ಬೈಕ್ ನಿಲ್ಲಿಸಿ. ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಗುರುತು ಮಾಡಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ ನಾಲ್ಕು ಬೆರಳು ಕೆಳಗೆ ಬರುವಂತೆ ಹೆಡ್‌ಲೈಟಿನ ಸ್ಕ್ರೂ ತಿರುಗಿಸಿಸಿ. ಹಿಂದಿನ ಶಾಕ್ ಅಬ್ಸಾರ್ಬರನ್ನು ಭಾರಕ್ಕೆ ತಕ್ಕಂತೆ ಬಿಗಿಸಲೂ ಹೇಳಿ.

15 ವರ್ಷ ತುಂಬುತ್ತಿರುವ ಬೈಕುಗಳು ನಮ್ಮ ಹಳ್ಳಿಗಳಲ್ಲಿ ಬಹಳ. ಆರ್‌ಸಿ ನವೀಕರಿಸಲು ಬೈಕನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಆ ದಿನಕ್ಕೆ ಮಾತ್ರ ಹಳೆಯ ಬಲ್ಬ್ ಹಾಕಿಸಿ, ಬಂದ ಮೇಲೆ ಮತ್ತೆ ಬಿಳಿ ಬಲ್ಬ್ ಏರಿಸುವವರಿದ್ದಾರೆ. ಇನ್‌ಸ್ಪೆಕ್ಟರ್ ಕಣ್ಣು ತಪ್ಪಿಸಿದ ದೀಪ ಮರುದಿನ ನಮ್ಮದೇ ಊರಿನ ಹಸುವಿನ ಕಣ್ಣಿಗೆ ಬೀಳುತ್ತದೆ.

ನನ್ನ ಅಭಿಪ್ರಾಯದಲ್ಲಿ ಇದನ್ನು ಸರಿಪಡಿಸಬಲ್ಲವರು ಪೊಲೀಸರಿಗಿಂತ ಹೆಚ್ಚಾಗಿ ನೀವು. ಬೈಕಿನ ಪೆಟ್ರೋಲು, ಕಂತು, ಬಲ್ಬು ಎಲ್ಲಕ್ಕೂ ದುಡ್ಡು ಬರುವುದು ಹಾಲಿನ ಬಟವಾಡೆಯಿಂದ. ಆ ದುಡ್ಡಿನ ಮೇಲೆ ನಿಮ್ಮ ಮಾತು ನಡೆಯಬೇಕು. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿ. ಡೇರಿಯ ಗೋಡೆಯ ಮೇಲೆ ಒಂದು ಗೆರೆ ಎಳೆಸಿ, ಒಂದು ಸಂಜೆ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರೆ ಊರಿನ ಅಷ್ಟೂ ಬೈಕುಗಳ ದೀಪ ಸರಿಮಾಡಿಸಬಹುದು. ಹಾಗೆಯೇ ಕರಿ ಎಮ್ಮೆ ಇರುವವರು ಕೊರಳಪಟ್ಟಿಗೆ ಎರಡೂ ಬದಿ ಕಾಣುವಂತೆ ರೇಡಿಯಂ ಪಟ್ಟಿ ಹೊಲಿಸಿ; ಅಂಟಿಸಿದ್ದು ಒಂದೇ ಮಳೆಗೆ ಕಿತ್ತು ಬರುತ್ತದೆ.