ಗೂಬೆ ಕೂರಿಸಲು ಇನ್ನೊಂದು ತಲೆ ಬೇಕೆ?

ಕನ್ನಡದಲ್ಲಿ ಗೂಬೆಗೆ ಒಳ್ಳೆ ಹೆಸರಿಲ್ಲ. ಬೈಯೋಕೂ ಗೂಬೆ ಬೇಕು, ಮಾಡಿದ ತಪ್ಪನ್ನು ಪಕ್ಕದವರ ಮೇಲೆ ಹಾಕೋಕೂ ಗೂಬೆಯೇ ಬೇಕು. 'ನನ್ ತಲೆ ಮೇಲೆ ಯಾಕೋ ಗೂಬೆ ಕೂರಿಸ್ತೀಯ?' ಅನ್ನೋ ಮಾತು ಕೇಳದ ಲ್ಯಾಬ್ ಬ್ಯಾಚ್ ಯಾವುದಾದರೂ ಇದೆಯಾ? ಈ ಸಲ ನಾವು ಬರೆಯೋಕೆ ಹೊರಟಿರೋದೂ ಗೂಬೆಗಳ ಬಗ್ಗೆಯೇ. ಆದರೆ ಇವು ಕೂರೋದು ತಲೆ ಮೇಲಲ್ಲ, ಮೇಜಿನ ಮೇಲೆ.

ಆಟದ ಹೆಸರು 'ಹೂಟ್ ಔಲ್ ಹೂಟ್'. ಅಮೆರಿಕದ ಪೀಸಬಲ್ ಕಿಂಗ್‌ಡಮ್ ಕಂಪನಿ ತಂದದ್ದು. ರೂಪಿಸಿದವರು ಸೂಸನ್ ಮೆಕಿನ್ಲಿ ರಾಸ್. ಇವರದೇ ಇನ್ನೊಂದು ಆಟ 'ಕ್ವರ್ಕಲ್' 2011ರಲ್ಲಿ ಜರ್ಮನಿಯ 'ಶ್ಪೀಲ್ ದೆಸ್ ಯಾರೆಸ್' ಪ್ರಶಸ್ತಿ ಪಡೆಯಿತು. ಹೂಟ್ ಔಲ್ ಹೂಟ್ ಪೆಟ್ಟಿಗೆಯ ಮೇಲೆ ವಯಸ್ಸು ನಾಲ್ಕು ಮತ್ತು ಮೇಲ್ಪಟ್ಟು, ಆಟಗಾರರು ಇಬ್ಬರಿಂದ ನಾಲ್ವರು ಅಂತ ಬರೆದಿದೆ. ನಾವು ವಯಸ್ಸಿನ ನಿಯಮ ಪಾಲಿಸ್ತೀವಿ. ಆಟಗಾರರ ಸಂಖ್ಯೆಯ ನಿಯಮವನ್ನು ಮಾತ್ರ ಮುರೀತೀವಿ. ನಮ್ಮ ಸಂಘದಲ್ಲಿ ಇಂಥ ಆಟಗಳ ಹುಚ್ಚಿರೋ ನಾವು ನಾಲ್ಕೈದು ಜನರೂ ಇದನ್ನು ಒಬ್ಬೊಬ್ಬರೇ ಕೂತು ಆಡಿದ್ದೇವೆ. 'ನಾವು' ಅಂತ ಬರೆದು ಒಬ್ಬರೇ ಆಡೋದರ ಪರ ವಾದ ಮಾಡ್ತಿದ್ದಾರಲ್ಲ ಅಂತ ನಗಬೇಡಿ. ವಾದ ಇರೋದೇ ಅಲ್ಲಿ.

ಎಲ್ಲರೂ ಸೇರಿ ಗೆಲ್ಲಬೇಕಾದ ಆಟವನ್ನು ಒಬ್ಬರೇ ಆಡೋದು ಪೆದ್ದುತನವೂ ಅಲ್ಲ, ಗೆಳೆಯರಿಲ್ಲದವರ ಗೋಳೂ ಅಲ್ಲ. ಆ ಆಟದಲ್ಲಿ ನಿಜವಾದ ಸಹಕಾರ ಎಷ್ಟಿದೆ ಅಂತ ಅಳೆಯೋಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ ಅನ್ನೋದು ನಮ್ಮ ಅಭಿಪ್ರಾಯ. ಆ ಪರೀಕ್ಷೆಯನ್ನು ಆಟದ ಆಚೆಗೂ ಒಯ್ಯಬಹುದು, ಒಯ್ಯಬೇಕು.

ಮೊದಲು ಆಟ ಹೇಗೆ ಅಂತ ನೋಡೋಣ. ಹಲಗೆಯ ಮೇಲೆ ಬಣ್ಣಬಣ್ಣದ ಮನೆಗಳ ಸುತ್ತು ದಾರಿ, ಅದರ ಕೊನೆಗೆ ಗೂಡು. ದಾರಿಯ ಶುರುವಿನಲ್ಲಿ ಗೂಬೆಗಳು. ಸುಲಭ ಬೇಕಾದರೆ ಮೂರು ಗೂಬೆ, ಕಷ್ಟ ಬೇಕಾದರೆ ಆರು. ಕಟ್ಟಿನಲ್ಲಿ 50 ಕಾರ್ಡು: ಆರು ಬಣ್ಣದವು ಸೇರಿ 36, ಸೂರ್ಯನವು 14. ಪ್ರತಿಯೊಬ್ಬರಿಗೂ ಮೂರು ಕಾರ್ಡು, ಎಲ್ಲವೂ ಎಲ್ಲರಿಗೂ ಕಾಣುವಂತೆ ಮುಖ ಮೇಲಾಗಿ. ನಿಮ್ಮ ಸರದಿಯಲ್ಲಿ ಒಂದು ಬಣ್ಣದ ಕಾರ್ಡು ಹಾಕಿ ಯಾವುದಾದರೂ ಒಂದು ಗೂಬೆಯನ್ನು ಆ ಬಣ್ಣದ ಮುಂದಿನ ಮನೆಗೆ ಹಾರಿಸಬೇಕು, ಆಮೇಲೆ ಕಟ್ಟಿನಿಂದ ಒಂದು ಕಾರ್ಡು ಎತ್ತಬೇಕು. ಗೂಬೆ ಯಾರದ್ದೂ ಅಲ್ಲ, ಎಲ್ಲರದ್ದೂ. ಆದರೆ ನಿಮ್ಮ ಕೈಯಲ್ಲಿ ಸೂರ್ಯ ಇದ್ದರೆ ಬೇರೆ ದಾರಿಯಿಲ್ಲ, ಅದನ್ನೇ ಹಾಕಬೇಕು. ಆಗ ಸೂರ್ಯ ತನ್ನ ಸಾಲಿನಲ್ಲಿ ಒಂದು ಮನೆ ಮುಂದಕ್ಕೆ ಹೋಗ್ತಾನೆ. ಗೂಬೆಗಳೆಲ್ಲ ಗೂಡು ಸೇರುವ ಮೊದಲೇ ಬೆಳಗಾಯ್ತೋ, ಎಲ್ಲರೂ ಸೋತಂತೆ. 50ರಲ್ಲಿ 14 ಅಂದರೆ ನೂರಕ್ಕೆ 28. ಸುಮಾರು ನಾಲ್ಕು ಸಲ ಎತ್ತಿದರೆ ಒಂದು ಸಲ ಸೂರ್ಯ ಅಂತ ಲೆಕ್ಕ ಇಟ್ಟುಕೊಳ್ಳಿ.

ಇದರಲ್ಲಿ ಒಂದು ಸಣ್ಣ ಜಾಣತನ ಇದೆ. ಮುಂದಿನ ನೀಲಿ ಮನೆಯಲ್ಲಿ ಆಗಲೇ ಒಂದು ಗೂಬೆ ಕೂತಿದ್ದರೆ, ಹಿಂದಿರೋ ಗೂಬೆ ಅದನ್ನು ದಾಟಿ ಅದರಾಚೆಯ ನೀಲಿಗೆ ಹಾರುತ್ತೆ. ಅಂದರೆ ಒಂದು ಗೂಬೆಯನ್ನು ಬೇಕೆಂದೇ ಒಂದು ಮನೆಯಲ್ಲಿ ನಿಲ್ಲಿಸಿ, ಅದೇ ಬಣ್ಣದ ಇನ್ನೊಂದು ಕಾರ್ಡಿನಿಂದ ಹಿಂದಿನದಕ್ಕೆ ದೊಡ್ಡ ಜಿಗಿತ ಕೊಡಿಸಬಹುದು. ಒಂದು ಕಾರ್ಡು ನಿಮ್ಮದು, ಇನ್ನೊಂದು ಪಕ್ಕದವರದು. ಚೌಕಾಬಾರದಲ್ಲಿ ಕಾಯಿ ಕಡಿಯೋದು ಕಲಿತವರಿಗೆ ಇದು ತಲೆಕೆಳಗು ಅನಿಸಬಹುದು. ಇಲ್ಲಿ ಮುಂದಿನ ಕಾಯಿ ಹಿಂದಿನ ಕಾಯಿಗೆ ಬೆನ್ನು ಕೊಡುತ್ತೆ.

ಇದನ್ನು ಒಬ್ಬರೇ ಆಡೋದಕ್ಕೆ ಎರಡು ದಾರಿ. ಒಂದು, ಒಂದೇ ಕೈ: ಮುಂದೆ ಮೂರು ಕಾರ್ಡು, ಹಾಕು, ಎತ್ತು, ಹಾಕು. ಎರಡು, ನಾಲ್ಕು ಕೈ: ಮೇಜಿನ ನಾಲ್ಕು ಬದಿಗೂ ಮೂರು ಮೂರು ಕಾರ್ಡು ಹರಡಿ, ಸರದಿ ಪ್ರಕಾರ ನಾಲ್ವರ ಪರವಾಗಿಯೂ ನೀವೇ ಆಡೋದು. ಎರಡೂ ಒಂದೇ ಅಲ್ಲ. ಒಂದೇ ಕೈಯಲ್ಲಿ ಸೂರ್ಯ ಬಂದರೆ ಮರುಸರದಿಯಲ್ಲೇ ಹಾಕಬೇಕು. ನಾಲ್ಕು ಕೈಯಲ್ಲಿ ಮೊದಲನೆಯವನ ಹತ್ತಿರ ಸೂರ್ಯ ಬಂದರೂ ಅವನ ಸರದಿ ಮತ್ತೆ ಬರುವ ಮೊದಲು ಮಿಕ್ಕ ಮೂವರು ಆಡ್ತಾರೆ. ಅಷ್ಟು ಹೊತ್ತು ಸೂರ್ಯ ಕಾಯ್ತಾನೆ. ಒಬ್ಬನ ಕೈಗೇ ಎರಡು ಸೂರ್ಯ ಸೇರಿದರೆ ಎರಡನೆಯದು ಇನ್ನೂ ಒಂದು ಸುತ್ತು ಕಾಯ್ತದೆ. ಮೇಲಾಗಿ 12 ಕಾರ್ಡು ಕಣ್ಣೆದುರೇ ಇರೋದರಿಂದ ಜಿಗಿತಗಳನ್ನು ಎರಡು ಮೂರು ಸರದಿ ಮೊದಲೇ ಹೊಂದಿಸಬಹುದು. ಒಂದೇ ಕೈಯಲ್ಲಿ ಆ ದೂರದೃಷ್ಟಿ ಸಿಗಲ್ಲ. ಹಾಗಾಗಿ ಗಟ್ಟಿ ಆಟ ಬೇಕಾದವರು ಒಂದು ಕೈಯಲ್ಲೂ, ಲೆಕ್ಕಾಚಾರದ ಸುಖ ಬೇಕಾದವರು ನಾಲ್ಕು ಕೈಯಲ್ಲೂ ಆಡಲಿ.

ನಮ್ಮ ವಾದ ಶುರುವಾಗೋದು ಈ ನಾಲ್ಕು ಕೈ ಆಟದಿಂದ. ನಾಲ್ವರು ಕೂತು ಆಡಿದ ಆಟಕ್ಕೂ ಒಬ್ಬರೇ ನಾಲ್ಕು ಕೈ ಹಿಡಿದ ಆಟಕ್ಕೂ ನಿಯಮದ ಮಟ್ಟಿಗೆ ಒಂದಿಷ್ಟೂ ವ್ಯತ್ಯಾಸ ಇಲ್ಲ. ಅದೇ 12 ಕಾರ್ಡು, ಅದೇ ಸರದಿ, ಅದೇ ಸೂರ್ಯ. ಮೂವರು ಎದ್ದು ಚಹಾ ಕುಡಿಯೋಕೆ ಹೋದರೂ ಗೂಬೆಗಳಿಗೆ ಗೊತ್ತೇ ಆಗಲ್ಲ! ಹಾಗಾದರೆ ಆ ಮೂವರು ಇಷ್ಟು ಹೊತ್ತು ಅಲ್ಲಿ ಮಾಡ್ತಿದ್ದದ್ದೇನು?

ಆಟ ಆಡುವವರ ಲೋಕದಲ್ಲಿ ಈ ಕಾಯಿಲೆಗೆ ಹೆಸರಿದೆ, 'ಆಲ್ಫಾ ಪ್ಲೇಯರ್'. ಎಲ್ಲರ ಕಾರ್ಡೂ ಎಲ್ಲರಿಗೂ ಕಾಣುವ ಆಟದಲ್ಲಿ ಜೋರು ಬಾಯಿಯ ಒಬ್ಬ ಇರ್ತಾನೆ. 'ನೀನು ಕೆಂಪು ಹಾಕು, ನೀನು ಸುಮ್ನಿರು, ನೀನು ಆ ಹಸಿರು ಉಳಿಸ್ಕೊ.' ಮಿಕ್ಕವರು ಅವನ ಕೈಗಳಾಗಿಬಿಡ್ತಾರೆ. ಮ್ಯಾಟ್ ಲೀಕಾಕ್ ಅವರ 2008ರ 'ಪ್ಯಾಂಡೆಮಿಕ್' ಇಂಥ ಆಟಗಳನ್ನು ಜಗತ್ತಿಗೆಲ್ಲ ಪರಿಚಯಿಸಿತು. ಅದರ ಜೊತೆಗೇ ಈ ದೂರೂ ಹಬ್ಬಿತು. ಆಲ್ಫಾ ಇರುವ ಮೇಜಿನಲ್ಲಿ ನಡೆಯೋದು ನಾಲ್ವರ ಆಟ ಅಲ್ಲ, ಪ್ರೇಕ್ಷಕರಿರುವ ಒಂಟಿ ಆಟ. ಒಬ್ಬರೇ ಕೂತು ಆಡೋರು ಕಡೇಪಕ್ಷ ಪ್ರಾಮಾಣಿಕರು, ಮೂವರ ಸಮಯ ತಿನ್ನಲ್ಲ.

ಇದನ್ನು 'ಹನಾಬಿ'ಯ ಪಕ್ಕ ಇಟ್ಟು ನೋಡಿ. ಅಂಟ್ವಾನ್ ಬೌಜಾ ರೂಪಿಸಿದ, 2013ರ ಶ್ಪೀಲ್ ದೆಸ್ ಯಾರೆಸ್ ಗೆದ್ದ ಆಟ. ಅದೂ 50 ಕಾರ್ಡಿನದ್ದೇ, ಅದರಲ್ಲೂ ಎಲ್ಲರೂ ಒಟ್ಟಿಗೆ ಗೆಲ್ಲಬೇಕು. ಆದರೆ ಕಾರ್ಡನ್ನು ಬೆನ್ನು ತನ್ನ ಕಡೆ, ಮುಖ ಎದುರಿನವರ ಕಡೆ ಮಾಡಿ ಹಿಡಿಯಬೇಕು. ನನ್ನ ಕಾರ್ಡು ನನಗೊಬ್ಬನಿಗೆ ಬಿಟ್ಟು ಎಲ್ಲರಿಗೂ ಕಾಣುತ್ತೆ. ಲೆಕ್ಕ ಹಾಕಿ ಕೊಡುವ ಸುಳಿವುಗಳಿಂದಲೇ ಆಟ ಸಾಗಬೇಕು. ಇದನ್ನು ಒಬ್ಬರೇ ನಾಲ್ಕು ಕೈ ಹಿಡಿದು ಆಡಿ ನೋಡಿ. ಎಲ್ಲ ಕಾರ್ಡೂ ಗೊತ್ತಿರುವಾಗ ಸುಳಿವು ಯಾರಿಗೆ, ಯಾಕೆ? ಆಟ ಅಲ್ಲೇ ಸಾಯುತ್ತೆ. ಇಲ್ಲಿ ಪಕ್ಕದವರನ್ನು ಎಬ್ಬಿಸಿ ಕಳಿಸೋಕೆ ಆಗಲ್ಲ, ನನಗೆ ಗೊತ್ತಿಲ್ಲದ್ದು ಅವರ ಹತ್ತಿರ ಇದೆ.

ಹಾಗಂತ ಗೂಬೆ ಆಟ ಕೆಟ್ಟದ್ದು, ಹನಾಬಿ ಒಳ್ಳೇದು ಅಂತ ನಾವು ಹೇಳ್ತಿಲ್ಲ. ಗೂಬೆ ಆಟ ಮಾಡಿರೋದು ನಾಲ್ಕು ವರ್ಷದ ಮಕ್ಕಳಿಗೆ. ಕಾರ್ಡು ತೆರೆದಿಟ್ಟಿರೋದು ಅಕ್ಕನೋ ಅಜ್ಜನೋ ಪುಟ್ಟ ಮಗುವಿಗೆ 'ಈ ಕೆಂಪು ನೋಡು, ಇದರಿಂದ ಯಾವ ಗೂಬೆ ದೂರ ಹಾರುತ್ತೆ?' ಅಂತ ಕೇಳೋಕೆ ಆಗಲಿ ಅಂತ. 1986ರಲ್ಲಿ ಜರ್ಮನಿಯ ಹಾಬಾ ಕಂಪನಿ ತಂದ 'ಓಬ್ಸ್ಟ್‌ಗಾರ್ಟನ್' ಅನ್ನೋ ಹಣ್ಣಿನ ತೋಟದ ಆಟವೂ ಹಾಗೇ. ದಾಳ ಹಾಕಬೇಕು, ಕಳ್ಳ ಕಾಗೆ ಬರೋದರೊಳಗೆ ಹಣ್ಣು ಕೀಳಬೇಕು. ಅಲ್ಲೂ ಗೆಲುವು ಸೋಲು ಬಹುಪಾಲು ದಾಳದ ಕೈಯಲ್ಲಿ. ಅಲ್ಲಿ ಕಲಿಯಬೇಕಾದದ್ದು ತಂತ್ರ ಅಲ್ಲ, ಒಟ್ಟಿಗೆ ಸೋತರೆ ಯಾರೂ ಅಳಬೇಕಾಗಿಲ್ಲ ಅನ್ನೋದು. ಎದುರಾಳಿ ಸೂರ್ಯನೋ ಕಾಗೆಯೋ ಆದಾಗ ಪಕ್ಕದ ಮನೆ ಹುಡುಗಿಯ ಮೇಲೆ ಸಿಟ್ಟು ಬರಲ್ಲ. ದುಂಡು ಕಣ್ಣಿನ ಗೂಬೆಗಳ ಆ ಪೆಕರು ಮುಖ ಇರೋದೂ ಅದಕ್ಕೇ. ಅವನ್ನು ನೋಡ್ತಾ ಯಾರು ತಾನೇ ಗಂಭೀರವಾಗಿ ಜಗಳ ಆಡ್ತಾರೆ?

ಒಬ್ಬರೇ ಆಡಿದಾಗ ಕಳೆದುಹೋಗೋದು ಏನು ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ತಂತ್ರ ಕಳೆಯಲ್ಲ, ನಗು ಕಳೆಯುತ್ತೆ. ನಾಲ್ವರಿದ್ದಾಗ ಒಂದು ಗೂಬೆ ಇನ್ನೊಂದನ್ನು ದಾಟಿ ಹಾರಿದ ಕೂಡಲೇ ನಾವು 'ಹೂಂ ಹೂಂ' ಅಂತ ಕೂಗ್ತೀವಿ. ಹಾಸ್ಟೆಲ್ ರೂಮಿನಲ್ಲಿ ಒಬ್ಬರೇ ಕೂತು ಹಾಗೆ ಕೂಗಿದರೆ ಪಕ್ಕದ ರೂಮಿನವರು ಬಾಗಿಲು ತಟ್ತಾರೆ. ಕೊನೆಯ ಸೂರ್ಯ ಎತ್ತಿದವನನ್ನು ಮೂವರೂ ದುರುಗುಟ್ಟಿ ನೋಡುವ ಸುಖವೂ ಇಲ್ಲ. ಒಬ್ಬರೇ ಆಡಿ ಸೋತಾಗ ಗೂಬೆ ಕೂರಿಸೋಕೆ ಇನ್ನೊಂದು ತಲೆ ಸಿಗಲ್ಲ. ಇದು ನಷ್ಟವೂ ಹೌದು, ಲಾಭವೂ ಹೌದು. ಕೆಟ್ಟ ನಡೆ ಯಾವುದು, ಕೆಟ್ಟ ಅದೃಷ್ಟ ಯಾವುದು ಅಂತ ಬಿಡಿಸಿ ನೋಡೋಕೆ ಆಗೋದು ಆಗಲೇ.

ಒಂಟಿ ಆಟ ನಮ್ಮವರಿಗೆ ಹೊಸದೇನಲ್ಲ. ಕರಾವಳಿಯ ಚೆನ್ನೆಮಣೆಯಲ್ಲಿ ಒಬ್ಬರೇ ಆಡೋ ಆಟವೊಂದನ್ನು ಸೀತೆಯ ಹೆಸರಿನಿಂದಲೇ ಕರೀತಾರೆ. ಅಶೋಕವನದಲ್ಲಿ ಒಬ್ಬಳೇ ಇದ್ದ ಸೀತೆ ಹೊತ್ತು ಕಳೆಯೋಕೆ ಆಡಿದ್ದು ಅನ್ನೋ ನಂಬಿಕೆ. 1990ರ ವಿಂಡೋಸ್ 3.0 ಜೊತೆ ಬಂದ ಸಾಲಿಟೇರನ್ನು ಆಫೀಸುಗಳಲ್ಲಿ ಆಡಿದವರನ್ನು ಯಾರೂ ಪಾಪ ಅನ್ನಲಿಲ್ಲ. ಹಬ್ಬದ ರಜೆಗೆ ಊರು ಹತ್ತಿರದವರೆಲ್ಲ ಮನೆಗೆ ಹೋಗಿ, ದೂರದವರು ಮಾತ್ರ ಹಾಸ್ಟೆಲಲ್ಲಿ ಉಳಿಯೋ ದಿನ ಇರುತ್ತಲ್ಲ, ಆ ದಿನ ರೀಲ್ಸ್ ತಳ್ಳುತ್ತಾ ಕೂರೋದಕ್ಕಿಂತ ಆರು ಗೂಬೆಗಳನ್ನು ಮನೆ ಸೇರಿಸೋದು ಮನಸ್ಸಿಗೆ ಒಳ್ಳೇದು ಅಂತ ನಾವು ಧೈರ್ಯವಾಗಿ ಹೇಳ್ತೀವಿ. ಅಲ್ಲಿ ಒಂದು ಶುರು ಇದೆ, ಒಂದು ಕೊನೆ ಇದೆ.

ಈಗ ಆಟದಿಂದ ಆಚೆಗೆ ಬರೋಣ. ಫೈನಲ್ ಇಯರ್ ಪ್ರಾಜೆಕ್ಟ್ ಅನ್ನೋದನ್ನು ನಾವೆಲ್ಲ ಸಹಕಾರದ ಆಟ ಅಂತಲೇ ಆಡ್ತೀವಿ. ವರದಿಯ ಮೊದಲ ಪುಟದಲ್ಲಿ ನಾಲ್ಕು ಹೆಸರು, ಅಂಕ ಬಂದರೆ ನಾಲ್ವರಿಗೂ, ಹೋದರೆ ನಾಲ್ವರದೂ. ಆದರೆ ಎಷ್ಟೋ ತಂಡಗಳಲ್ಲಿ ನಡೆಯೋದು ಗೂಬೆ ಆಟದ ನಾಲ್ಕು ಕೈ ಆವೃತ್ತಿ. ಕೋಡು ಒಬ್ಬನ ಲ್ಯಾಪ್‌ಟಾಪಿನಲ್ಲಿ, ಸರ್ಕಿಟ್ಟು ಅವನ ಮೇಜಿನ ಮೇಲೆ, ತೀರ್ಮಾನ ಎಲ್ಲವೂ ಅವನದೇ. ಮಿಕ್ಕವರು ಪ್ರಿಂಟ್ ತರ್ತಾರೆ, ಪಿಪಿಟಿಗೆ ಬಣ್ಣ ಹಾಕ್ತಾರೆ, ವೈವಾದ ಹಿಂದಿನ ರಾತ್ರಿ 'ಇದು ಏನು ಮಾಡುತ್ತೋ, ಸ್ವಲ್ಪ ಹೇಳೋ' ಅಂತಾರೆ. ನಾವು ಆ ಮೂವರನ್ನು ಸೋಮಾರಿಗಳು ಅಂತ ಬೈಯೋದು ರೂಢಿ. ಗೂಬೆ ಕೂರಿಸೋಕೆ ಸುಲಭದ ತಲೆಗಳು ಅವು. ಆದರೆ ಗೂಬೆ ಆಟ ಕಲಿಸೋದು ಬೇರೆಯೇ. ಮೂವರು ಎದ್ದು ಹೋದರೂ ನಡೆಯುವಂತೆ ಕೆಲಸವನ್ನು ಕಟ್ಟಿದರೆ, ಮೂವರು ಎದ್ದು ಹೋಗ್ತಾರೆ. ದೇಹ ಮೇಜಿನ ಹತ್ತಿರವೇ ಇದ್ದರೂ ಮನಸ್ಸು ಹೋಗಿರುತ್ತೆ. ಆ ಕಡೆ ಆ ಒಬ್ಬನೂ ಸುಖವಾಗಿಲ್ಲ, ನಾಲ್ಕು ಕೈಯ ಕಾರ್ಡು ಹಿಡಿದು ರಾತ್ರಿಯೆಲ್ಲ ಎದ್ದಿರ್ತಾನೆ, ಥೇಟ್ ಗೂಬೆಯ ಹಾಗೆ.

ಹನಾಬಿಯ ಹಾಗೆ ಒಬ್ಬರಿಗೊಬ್ಬರು ಮುಚ್ಚಿಡಬೇಕು ಅಂತ ನಾವು ಹೇಳ್ತಿಲ್ಲ. ಪ್ರಾಜೆಕ್ಟಿನಲ್ಲಿ ಮಾಹಿತಿ ಮುಚ್ಚಿಟ್ಟರೆ ಮುಗೀತು ಕಥೆ. ಹಂಚಬೇಕಾದದ್ದು ತೀರ್ಮಾನವನ್ನು. ಸೆನ್ಸರಿನ ಭಾಗದಲ್ಲಿ ಕೊನೆಯ ಮಾತು ಇವಳದು, ಪವರ್ ಸಪ್ಲೈಯಲ್ಲಿ ಅವನದು, ಆ್ಯಪಿನಲ್ಲಿ ಇನ್ನೊಬ್ಬಳದು, ಟೆಸ್ಟಿಂಗಿನಲ್ಲಿ ಮತ್ತೊಬ್ಬನದು ಅಂತ ಶುರುವಿನಲ್ಲೇ ಬರೆದಿಟ್ಟರೆ, ಜೋರು ಬಾಯಿಯವನು ಸಲಹೆ ಕೊಡಬಹುದೇ ಹೊರತು ಕಾರ್ಡು ಹಾಕೋಕೆ ಆಗಲ್ಲ. ಹೊಸಬಳಾದರೂ ಅವಳ ಕಾರ್ಡು ಅವಳೇ ಹಾಕಬೇಕು. ಒಂದೆರಡು ನಡೆ ತಪ್ಪಬಹುದು. ತಪ್ಪಲಿ. ನಾಲ್ಕು ವರ್ಷದ ಮಗುವಿಗೆ ಆ ಆಟದ ಮೇಜು ಕೊಡುವಷ್ಟು ತಾಳ್ಮೆಯನ್ನು ಇಪ್ಪತ್ತೊಂದರ ಗೆಳತಿಗೆ ನಾವು ಕೊಡಬಾರದಾ?

ಅದಕ್ಕೇ ನಮ್ಮದು ಎರಡು ಸಲಹೆ. ಆಟಕ್ಕೆ: ಹೊಸ ಸಹಕಾರದ ಆಟ ತಂದರೆ ಮೊದಲು ಒಬ್ಬರೇ ಎಲ್ಲ ಕೈ ಹಿಡಿದು ಆಡಿ ನೋಡಿ. ಸಲೀಸಾಗಿ ನಡೆದರೆ ಅದು ಒಂಟಿ ದಿನಗಳಿಗೆ ಒಳ್ಳೆ ಗೆಳೆಯ. ಗೆಳೆಯರ ಜೊತೆ ಅದನ್ನೇ ಆಡುವಾಗ 'ಕಾರ್ಡು ಯಾರದೋ ತೀರ್ಮಾನ ಅವರದೇ, ಕೇಳದೆ ಯಾರೂ ಬಾಯಿ ಹಾಕಬಾರದು' ಅನ್ನೋ ಒಂದು ನಿಯಮ ಸೇರಿಸಿ. ಕೆಲಸಕ್ಕೆ: ತಂಡ ಕಟ್ಟಿದ ದಿನವೇ 'ಇದನ್ನು ನಮ್ಮಲ್ಲಿ ಒಬ್ಬರೇ ಮಾಡಿ ಮುಗಿಸಬಹುದಾ?' ಅಂತ ಕೇಳಿಕೊಳ್ಳಿ. ಹೌದು ಅನ್ನೋ ಉತ್ತರ ಬಂದರೆ ಕೆಲಸ ಹಂಚಿದ್ದು ಇನ್ನೂ ಮುಗಿದಿಲ್ಲ ಅಂತ ಅರ್ಥ.

ಪ್ರಾಜೆಕ್ಟ್ ತಂಡಗಳ ಪಟ್ಟಿ ಕೊಡೋ ಕಾಲ ಹತ್ತಿರ ಬರ್ತಿದೆ. ಈ ಪ್ರಶ್ನೆಯನ್ನು ಈಗಲೇ ಕೇಳಿಕೊಂಡರೆ ಸೆಮಿಸ್ಟರ್ ಕೊನೆಗೆ ಯಾರ ತಲೆ ಮೇಲೂ ಗೂಬೆ ಕೂರಿಸಬೇಕಾಗಲ್ಲ. ಏನಂತೀರಿ?